ಒಂದೇ ಜೌಗು, ಎರಡು ಸಲ ನೋಡಿ

ಕಡಲಂಚಿನ ಜೌಗಿನಲ್ಲಿ ಕಯಾಕ್ ಎಂಬ ಸಪೂರ ಪುಟ್ಟ ದೋಣಿ ನಡೆಸುವ ಗೈಡ್ ಆಕಾಶಕ್ಕಿಂತ ಜಾಸ್ತಿ ನೋಡುವುದು ಗಡಿಯಾರವನ್ನು. ಒಂದು ಉಬ್ಬರದಿಂದ ಇನ್ನೊಂದಕ್ಕೆ ಸುಮಾರು 12 ಗಂಟೆ 25 ನಿಮಿಷ. ಇವತ್ತು ಬೆಳಿಗ್ಗೆ 8ಕ್ಕೆ ನೀರು ತುಂಬಿದ್ದರೆ ನಾಳೆ 8.50ರ ಹೊತ್ತಿಗೆ ತುಂಬುತ್ತದೆ. ಈ ಲೆಕ್ಕ ತಪ್ಪಿತೋ, ತೇಲಿಕೊಂಡು ಹೋದ ಕಾಲುವೆಯಲ್ಲೇ ಕೆಸರಿನ ಮೇಲೆ ಕೂತು ಕಾಯಬೇಕು. ಇಳಿದು ನಡೆಯೋಣ ಅಂದರೆ ಕೆಸರು ಮೊಣಕಾಲು ನುಂಗುತ್ತದೆ. ಸಿಂಪಿಗಳ ಅಂಚಂತೂ ಬ್ಲೇಡು.

ಅಮೆರಿಕದ ಜಾರ್ಜಿಯಾ ಕರಾವಳಿಯಲ್ಲಿ ನೀರು ಎರಡು ಮೀಟರಿಗೂ ಹೆಚ್ಚು ಏರಿಳಿಯುತ್ತದೆ. ಅಲ್ಲಿನ ಸಪೆಲೊ ದ್ವೀಪದಲ್ಲಿ 1953ರಲ್ಲಿ ಒಂದು ಸಂಶೋಧನಾ ಕೇಂದ್ರ ಶುರುವಾಯಿತು. ಉಪ್ಪು ಜೌಗಿನ ಬಗ್ಗೆ ಇವತ್ತು ಗೊತ್ತಿರುವ ಎಷ್ಟೋ ಸಂಗತಿ ಅಲ್ಲಿಂದ ಬಂದದ್ದು.

ನೀರು ತುಂಬಿದಾಗ ಕಯಾಕ್ ಹತ್ತಿ. ಗೇಣುದ್ದ ನೀರಿದ್ದರೂ ಅದು ತೇಲುತ್ತದೆ, ಸದ್ದಿಲ್ಲ. ಹುಲ್ಲಿನ ಪಕ್ಕಕ್ಕೆ ಸರಿದು ಹುಟ್ಟು ಹಾಕುವುದನ್ನು ನಿಲ್ಲಿಸಿ. ಸ್ಪಾರ್ಟಿನಾ ಎಂಬ ಈ ಹುಲ್ಲಿನ ಎಲೆ ಮೇಲೆ ಬಿಳಿ ಹರಳು ಹೊಳೆಯುತ್ತಿರುತ್ತವೆ. ಬೆರಳಿಗೆ ಒತ್ತಿ ನಾಲಿಗೆಗೆ ಇಟ್ಟರೆ ಉಪ್ಪು! ಮೈಯೊಳಗೆ ಬಂದ ಉಪ್ಪನ್ನು ಹುಲ್ಲು ಎಲೆಯ ಗ್ರಂಥಿಗಳಿಂದ ಹೊರಗೆ ದೂಡುತ್ತದೆ.

ಅದೇ ಹುಲ್ಲಿನ ಮೇಲ್ತುದಿಯಲ್ಲಿ ಗೋಲಿ ಗಾತ್ರದ ಬಸವನಹುಳುಗಳು ಸಾಲಾಗಿ ಅಂಟಿಕೊಂಡಿರುತ್ತವೆ. ಪೆರಿವಿಂಕಲ್ ಅಂತ ಹೆಸರು. ನೀರು ಏರಿದ ಹಾಗೆ ಇವೂ ಏರುತ್ತವೆ, ಯಾಕೆಂದರೆ ಕೆಳಗೆ ನೀರಿನ ಜೊತೆ ನೀಲಿ ಏಡಿ ಬಂದಿದೆ. ಚಿಪ್ಪು ಒಡೆದು ತಿನ್ನುವುದು ಅದರ ಕಸುಬು. ಹುಳುವಿನದೇನು ಕಡಿಮೆ ಕಿಲಾಡಿತನವಲ್ಲ. ಎಲೆಯನ್ನು ನಾಲಿಗೆಯಿಂದ ಕೆರೆದು ಗಾಯ ಮಾಡುತ್ತದೆ. ಗಾಯದಲ್ಲಿ ಶಿಲೀಂಧ್ರ ಬೆಳೆಯುತ್ತದೆ. ಹುಳು ತಿನ್ನುವುದು ಹೆಚ್ಚಾಗಿ ಆ ಬೆಳೆಯನ್ನೇ, ಅದಕ್ಕೆ ಗೊಬ್ಬರವೂ ಅದರದೇ ಹಿಕ್ಕೆ. ಒಂಥರಾ ಬೇಸಾಯ ಅಲ್ವಾ? ಬ್ರಯಾನ್ ಸಿಲಿಮನ್ ಮತ್ತು ಮಾರ್ಕ್ ಬರ್ಟ್‌ನೆಸ್ ಎಂಬ ವಿಜ್ಞಾನಿಗಳು 2002ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಇನ್ನೊಂದು ಸಂಗತಿ ಗೊತ್ತಾಯಿತು. ಈ ಹುಳುಗಳು ಮಿತಿಮೀರಿದರೆ ಸೊಂಪಾದ ಹುಲ್ಲುಗಾವಲು 8 ತಿಂಗಳಲ್ಲಿ ಬರೀ ಕೆಸರಾಗಬಹುದು. ಹುಲ್ಲು ಉಳಿದಿರುವುದು ಏಡಿಯ ಹೊಟ್ಟೆಹಸಿವಿನಿಂದ!

ನೀರು ಇಳಿದ ಮೇಲೆ ಮರದ ಹಲಗೆಯ ದಾರಿ ಇರುವ ಕಡೆ ನಡೆದು ನೋಡಿ. ಮೊದಲು ಬರುವುದು ಕೊಳೆತ ಮೊಟ್ಟೆಯ ವಾಸನೆ. ಮೂಗು ಮುಚ್ಚಬೇಡಿ. ಕೆಸರಿನೊಳಗೆ ಆಮ್ಲಜನಕವಿಲ್ಲ, ಹಾಗಾಗಿ ಅಲ್ಲಿನ ಬ್ಯಾಕ್ಟೀರಿಯಾಗಳು ಕಡಲ ನೀರಿನ ಸಲ್ಫೇಟ್ ಬಳಸಿ ಬದುಕುತ್ತವೆ. ಆಗ ಹೊರಬರುವ ಹೈಡ್ರೋಜನ್ ಸಲ್ಫೈಡ್ ವಾಸನೆ ಅದು. ಸತ್ತ ಬೇರುಗಳು ಇಲ್ಲಿ ಪೂರ್ತಿ ಕೊಳೆಯುವುದೇ ಇಲ್ಲ. ಅವುಗಳ ಇಂಗಾಲ ನೂರಾರು ವರ್ಷ ಕೆಸರಿನಲ್ಲೇ ಹೂತಿರುತ್ತದೆ.

ಸುಮ್ನೆ ಎರಡು ನಿಮಿಷ ನಿಲ್ಲಿ. ಖಾಲಿ ಅನ್ನಿಸಿದ ಕೆಸರು ಅಲುಗಾಡತೊಡಗುತ್ತದೆ. ಬಿಲಗಳಿಂದ ಫಿಡ್ಲರ್ ಏಡಿಗಳು ಹೊರಬಂದಿವೆ. ಗಂಡಿಗೆ ಒಂದು ಇಕ್ಕುಳ ದೈತ್ಯ, ಇನ್ನೊಂದು ಪುಟಾಣಿ. ದೊಡ್ಡದನ್ನು ಬೀಸುವುದು ಹೆಣ್ಣನ್ನು ಕರೆಯಲು, ಎದುರಾಳಿಯನ್ನು ಹೆದರಿಸಲು. ಊಟಕ್ಕೆ ಅದು ಪ್ರಯೋಜನವಿಲ್ಲ. ಪುಟ್ಟ ಇಕ್ಕುಳದಿಂದ ಕೆಸರು ಬಾಯಿಗಿಟ್ಟು, ತಿನ್ನುವುದನ್ನು ಸೋಸಿಕೊಂಡು, ಉಳಿದದ್ದನ್ನು ಉಂಡೆ ಮಾಡಿ ಉಗುಳುತ್ತದೆ. ಹೆಣ್ಣಿಗೆ ಎರಡೂ ಇಕ್ಕುಳ ಚಿಕ್ಕವು, ಎರಡೂ ಕೈಯಲ್ಲಿ ತಿನ್ನುತ್ತದೆ.

ಹುಲ್ಲಿನೊಳಗಿಂದ ಚಪ್ಪಾಳೆಯಂಥ ಕೂಗು ಕೇಳಿದರೆ ಅದು ಕ್ಲ್ಯಾಪರ್ ರೈಲ್ ಎಂಬ ಹಕ್ಕಿ. ಅಕ್ಕಪಕ್ಕದಿಂದ ಒತ್ತಿದಂಥ ತೆಳು ಮೈ, ಹುಲ್ಲನ್ನು ಅಲುಗಿಸದೆ ನುಸುಳುತ್ತದೆ. ಕಾಣುವುದು ಅಪರೂಪ, ಕೇಳಿಸಿದ್ದೇ ಲಾಭ.

ಇದೇ ಕರಾವಳಿಯ ಡಾಲ್ಫಿನ್‌ಗಳಿಗೂ ಇಳಿತವೆಂದರೆ ಊಟದ ಹೊತ್ತು. ಕೆಲವು ಸೇರಿ ಮೀನುಗಳನ್ನು ಅಲೆಯೊಂದಿಗೆ ಕೆಸರಿನ ದಂಡೆಗೆ ದೂಡಿ, ತಾವೂ ಜಾರಿ ದಡಕ್ಕೆ ಬಂದು ಹೆಕ್ಕಿ ತಿನ್ನುತ್ತವೆ. ಹೆಚ್ಚುಕಮ್ಮಿ ಯಾವಾಗಲೂ ಬಲ ಮಗ್ಗುಲಲ್ಲೇ ಮಲಗಿ! ಆ ಹೊತ್ತಿಗೆ ಹತ್ತಿರ ಕಯಾಕ್ ಒಯ್ದರೆ ಊಟ ಕೆಡುತ್ತದೆ, ದೂರದಿಂದಲೇ ನೋಡಬೇಕು.

ವಾಪಸ್ ಬರುವಾಗ ಆ ಹುಲ್ಲಿನ ಹತ್ತಿರ ಮತ್ತೆ ಬಗ್ಗಿ ನೋಡಿ. ನೀಲಿ ಏಡಿ ನೀರಿನ ಜೊತೆ ಹೋಗಿದೆ. ಹುಳುಗಳು ಒಂದೊಂದಾಗಿ ಕೆಳಗಿಳಿಯುತ್ತಿವೆ.