ಒಂದೇ ಮಂತ್ರಕ್ಕೆ ಕಾಳಗ ಮುಗಿದುಹೋದರೆ ಡಿಎಂ ಏನು ಮಾಡಬೇಕು?

ಪ್ರಶ್ನೆ: ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ ಪಾತ್ರ ವಹಿಸಿ ಆಡುವ ಕಥೆಯಾಟದ ಐದನೇ ಆವೃತ್ತಿಯನ್ನು ಡಿಎಂ (ಡಂಜನ್ ಮಾಸ್ಟರ್, ಅಂದರೆ ಕಥೆ ನಡೆಸಿ ಶತ್ರುಗಳನ್ನು ಆಡಿಸುವವರು) ಆಗಿ ನಡೆಸುತ್ತಿದ್ದೇನೆ. ತಂಡ ಐದನೇ ಲೆವೆಲ್‌ಗೆ ಬಂದಾಗಿನಿಂದ ವಿಝರ್ಡ್ (ಮಂತ್ರವಾದಿ) ಪಾತ್ರ ಆಡುವ ಗೆಳೆಯ ಪ್ರತಿ ಕಾಳಗದ ಮೊದಲ ಸುತ್ತಿನಲ್ಲೇ ಹಿಪ್ನಾಟಿಕ್ ಪ್ಯಾಟರ್ನ್ ಹಾಕಿ ಶತ್ರುಗಳನ್ನು ಗೊಂಬೆ ಮಾಡಿಬಿಡುತ್ತಾನೆ. ಮಿಕ್ಕವರಿಗೆ ಕೆಲಸವೇ ಇಲ್ಲ. ಆ ಮಂತ್ರವನ್ನೇ ತೆಗೆದುಹಾಕಲೇ?

ಬೇಡ. ಮೊದಲು ಒಂದು ಲೆಕ್ಕ ಹೇಳಿ: ನಿಮ್ಮ ಆಟದಲ್ಲಿ ಒಂದು ಲಾಂಗ್ ರೆಸ್ಟ್‌ನಿಂದ (ಖರ್ಚಾದ ಮಂತ್ರಶಕ್ತಿ ಮರಳುವ ರಾತ್ರಿ ನಿದ್ದೆ) ಇನ್ನೊಂದಕ್ಕೆ ಎಷ್ಟು ಕಾಳಗ ನಡೆಯುತ್ತವೆ? ಒಂದೋ ಎರಡೋ ಆದರೆ ತಪ್ಪು ಮಂತ್ರದ್ದಲ್ಲ, ನಿದ್ದೆಯದು.

ಐದನೇ ಲೆವೆಲ್ ವಿಝರ್ಡ್‌ಗೆ ಹಿಪ್ನಾಟಿಕ್ ಪ್ಯಾಟರ್ನ್‌ಗೆ ಬೇಕಾದ ಮೂರನೇ ಲೆವೆಲ್‌ನ ಸ್ಪೆಲ್ ಸ್ಲಾಟ್ (ಒಂದು ಸಲ ಮಂತ್ರ ಹಾಕುವ ಅವಕಾಶ) ಇರುವುದೇ 2. ಶಾರ್ಟ್ ರೆಸ್ಟ್ (ನಡುವಿನ ಸಣ್ಣ ವಿಶ್ರಾಂತಿ) ಆದಮೇಲೆ ಆರ್ಕೇನ್ ರಿಕವರಿ ಎಂಬ ವಿಝರ್ಡ್ ಸಾಮರ್ಥ್ಯದಿಂದ ಇನ್ನೊಂದು ವಾಪಸ್ ಸಿಗಬಹುದು. ಒಟ್ಟು 3. ಅತ್ತ ಫೈಟರ್ ಬೆಳಗಿಂದ ಸಂಜೆಯವರೆಗೆ ಪ್ರತಿ ಸರದಿಗೂ ಎರಡು ಏಟು ಹಾಕುತ್ತಲೇ ಇರಬಹುದು, ಅವನ ಕತ್ತಿಗೆ ಖರ್ಚಿಲ್ಲ. 2014ರ ಡಿಎಂ ಕೈಪಿಡಿ ಒಂದು ದಿನಕ್ಕೆ ಮಧ್ಯಮ ಅಥವಾ ಕಠಿಣ ಮಟ್ಟದ ಆರರಿಂದ ಎಂಟು ಮುಖಾಮುಖಿಗಳನ್ನು ತಂಡ ತಾಳಿಕೊಳ್ಳಬಲ್ಲದು ಎಂದು ಲೆಕ್ಕ ಹಾಕಿತ್ತು. ಆರು ಕಾಳಗಕ್ಕೆ ಮೂರು ದೊಡ್ಡ ಮಂತ್ರ ಅಂದರೆ ‘ಈಗ ಹಾಕಲೇ, ಉಳಿಸಲೇ’ ಎಂದು ಗೆಳೆಯ ಉಗುರು ಕಚ್ಚುತ್ತಾನೆ. ಒಂದೆರಡು ಕಾಳಗಕ್ಕೆ ಮೂರು ಅಂದರೆ ಅವನು ಯೋಚಿಸಬೇಕಾದ್ದೇ ಇಲ್ಲ.

ಆದರೆ ಎರಡು ವಾರಕ್ಕೊಮ್ಮೆ ಭಾನುವಾರ ಮೂರು ಗಂಟೆ ಕೂರುವ ನಮ್ಮಂಥವರು ಆರು ಕಾಳಗ ಎಲ್ಲಿಂದ ತರೋಣ? ಎಲ್ಲರೂ ಎಡವುವುದು ಇಲ್ಲೇ: ಸೆಷನ್ ಮುಗಿದ ಕೂಡಲೇ ಕಥೆಯೊಳಗಿನ ದಿನವನ್ನೂ ಮುಗಿಸಿಬಿಡುತ್ತೇವೆ. ಮುಗಿಸಬೇಡಿ. ಉಳಿದ ಸ್ಲಾಟ್ ಎಷ್ಟೆಂದು ಬರೆದಿಟ್ಟು, ಮುಂದಿನ ಸಲ ಅದೇ ಮಧ್ಯಾಹ್ನದಿಂದ ಶುರು ಮಾಡಿ. ಇಪ್ಪತ್ತನಾಲ್ಕು ಗಂಟೆಯಲ್ಲಿ ಒಂದೇ ಲಾಂಗ್ ರೆಸ್ಟ್ ಎಂಬ ನಿಯಮವನ್ನೂ ಬಿಗಿಯಾಗಿ ಹಿಡಿಯಿರಿ. ಬೆಳಗ್ಗೆ ಎದ್ದು, ಹತ್ತು ಗಂಟೆಗೆ ಗಾಬ್ಲಿನ್‌ಗಳನ್ನು ಹೊಡೆದು, ಮತ್ತೆ ಹಾಸಿಗೆ ಹಾಸುವುದಕ್ಕೆ ಪುಸ್ತಕದಲ್ಲೇ ಅವಕಾಶವಿಲ್ಲ. ಊರಿಂದೂರಿಗೆ ಪ್ರಯಾಣದ ಕಥೆಯಾದರೆ ಅದೇ ಕೈಪಿಡಿಯಲ್ಲಿರುವ ಇನ್ನೊಂದು ಐಚ್ಛಿಕ ನಿಯಮ ನೋಡಿ: ಶಾರ್ಟ್ ರೆಸ್ಟ್‌ಗೆ 8 ಗಂಟೆ, ಲಾಂಗ್ ರೆಸ್ಟ್‌ಗೆ 7 ದಿನ.

‘ನಮ್ಮ ಹತ್ತಿರ ಟೈನಿ ಹಟ್ ಇದೆಯಲ್ಲ’ ಎಂದು ಗೆಳೆಯ ನಗಬಹುದು. ಇರಲಿ. ಆ ಮಂತ್ರದಿಂದೇಳುವ ರಕ್ಷಣೆಯ ಗುಮ್ಮಟ ಎಂಟು ಗಂಟೆ ಹೊರಗಿನವರನ್ನು ತಡೆಯುತ್ತದೆ, ಗಡಿಯಾರವನ್ನು ತಡೆಯುವುದಿಲ್ಲ. ಒಳಗೆ ಇವರು ಗೊರಕೆ ಹೊಡೆಯುವಾಗ ಶತ್ರುಗಳು ಸುತ್ತ ಹಳ್ಳ ತೋಡಬಹುದು, ನೆರವಿಗೆ ಜನ ಕರೆಸಬಹುದು, ಸೆರೆಯಾಳುಗಳನ್ನು ಬೇರೆಡೆಗೆ ಸಾಗಿಸಿಬಿಡಬಹುದು.

ಇನ್ನು ಹಿಪ್ನಾಟಿಕ್ ಪ್ಯಾಟರ್ನ್‌ನ ವಿವರಣೆಯನ್ನು ನಿಧಾನವಾಗಿ ಒಮ್ಮೆ ಓದಿ. ಅದು ಆವರಿಸುವುದು 30 ಅಡಿಯ ಘನವನ್ನು. ಅದರೊಳಗೆ ಅದನ್ನು ಕಂಡವರೆಲ್ಲ ವಿಸ್ಡಂ ಸೇವ್ (ತಪ್ಪಿಸಿಕೊಳ್ಳಲು 20 ಮುಖದ ದಾಳದ ಎಸೆತ) ಮಾಡಬೇಕು, ಸ್ನೇಹಿತರೂ ಸೇರಿ! ಹಾಗಾಗಿ ಶತ್ರುಗಳು ಒಂದೇ ಕಡೆ ಕುರಿಮಂದೆಯಂತೆ ನಿಲ್ಲದೆ ಮೊದಲೇ ನುಗ್ಗಿ ನಿಮ್ಮ ಫೈಟರ್‌ನ ಸುತ್ತ ಬೆರೆತರೆ ಮಂತ್ರ ಹಾಕಲು ಜಾಗವೇ ಸಿಗುವುದಿಲ್ಲ. ಸಿಕ್ಕಿಬಿದ್ದವನಿಗೆ ಏಟು ಬಿದ್ದರೆ ಅವನು ಎಚ್ಚರಗೊಳ್ಳುತ್ತಾನೆ. ಇನ್ನೊಬ್ಬ ತನ್ನ ಆ್ಯಕ್ಷನ್ ಖರ್ಚು ಮಾಡಿ ಅಲುಗಾಡಿಸಿದರೂ ಸಾಕು. ಇಬ್ಬರನ್ನು ಕಂಬದ ಹಿಂದೆ ನಿಲ್ಲಿಸಿ, ಇನ್ನಿಬ್ಬರು ಮೂರನೇ ಸುತ್ತಿಗೆ ಬಾಗಿಲಿಂದ ಬರಲಿ.

ಮೇಲಾಗಿ ಇದು ಕಾನ್ಸಂಟ್ರೇಶನ್ ಬೇಡುವ ಮಂತ್ರ, ಅಂದರೆ ಹಾಕಿದವನ ಏಕಾಗ್ರತೆ ಕೆಟ್ಟರೆ ಮುಗಿದುಹೋಗುತ್ತದೆ. ವಿಝರ್ಡ್‌ಗೆ ತಾಗಿದ ಪ್ರತಿ ಏಟಿಗೂ ಬೇರೆ ಬೇರೆ ಕಾನ್‌ಸ್ಟಿಟ್ಯೂಶನ್ ಸೇವ್: ಗುರಿ 10, ಅಥವಾ ಏಟಿನ ಅರ್ಧ, ಯಾವುದು ಹೆಚ್ಚೋ ಅದು. ಅವನ ಸೇವ್‌ಗೆ +2 ಇದ್ದರೆ ಒಂದು ಸಣ್ಣ ಬಾಣವನ್ನು ತಾಳಿಕೊಳ್ಳುವ ಸಾಧ್ಯತೆ 65 ಪ್ರತಿಶತ. ಮೂರು ಬಾಣ ತಾಗಿದರೆ ಅದು 27ಕ್ಕೆ ಇಳಿಯುತ್ತದೆ. ಹಾಗೆಂದು ಪ್ರತಿ ತೋಳವೂ ವಿಝರ್ಡ್‌ನನ್ನೇ ಹುಡುಕಿಕೊಂಡು ಬಂದರೆ ಅದು ಡಿಎಂ ತೀರಿಸಿಕೊಳ್ಳುವ ಹಗೆ ಅಷ್ಟೇ. ಪಳಗಿದ ಸೈನಿಕರಿಗೆ ಈ ಯುಕ್ತಿ ಗೊತ್ತಿರಲಿ, ತೋಳಗಳಿಗೆ ಬೇಡ. ತೋಳಗಳ ಮೇಲೆ ಗೆಳೆಯ ಆರಾಮಾಗಿ ಗೆದ್ದು ಮೆರೆಯಲಿ, ಆ ಮಂತ್ರ ಆರಿಸಿಕೊಂಡಿದ್ದೇ ಅದಕ್ಕಲ್ಲವೇ?

ದೊಡ್ಡ ಶತ್ರುಗಳಿಗಿರುವ ಲೆಜೆಂಡರಿ ರೆಸಿಸ್ಟೆನ್ಸ್ ನನಗೇನೋ ರುಚಿಸುವುದಿಲ್ಲ. ಸೋತ ಸೇವ್ ಅನ್ನು ಸಾಮಾನ್ಯವಾಗಿ ದಿನಕ್ಕೆ ಮೂರು ಸಲ ಗೆದ್ದಂತೆ ಮಾಡಿಬಿಡುವ ಈ ಶಕ್ತಿ ಕೆಲಸವನ್ನೇನೋ ಮಾಡುತ್ತದೆ, ಆಟಗಾರನಿಗೆ ಮಾತ್ರ ಸ್ಲಾಟ್ ಚರಂಡಿಗೆ ಸುರಿದ ಹಾಗೆ ಅನಿಸುತ್ತದೆ. ಬಳಸಿದಾಗ ಬಾಯಿಬಿಟ್ಟು ಹೇಳಿ: ‘ಡ್ರ್ಯಾಗನ್ ತಲೆ ಕೊಡವಿಕೊಂಡಿತು, ಇನ್ನು ಎರಡು ಉಳಿದಿವೆ.’ ಆಗ ಅದನ್ನು ಸವೆಸುವುದೇ ಇಡೀ ತಂಡದ ಉಪಾಯವಾಗುತ್ತದೆ.

ಮಿಕ್ಕವರಿಗೆ ಕೆಲಸವಿಲ್ಲ ಎಂದಿರಲ್ಲ, ಅದಕ್ಕೆ ಕೊಲ್ಲುವುದೊಂದೇ ಗುರಿಯಾಗಿರುವ ಕಾಳಗ ಕಡಿಮೆ ಮಾಡಿ. ಉರಿಯುವ ಕಣಜದಿಂದ ಜನರನ್ನು ಹೊರಗೆ ಹೊರಬೇಕು, ಕೋಟೆ ಬಾಗಿಲ ಸರಪಳಿ ಎಳೆಯಬೇಕು. ಶತ್ರುಗಳು ಗೊಂಬೆಗಳಾಗಿ ನಿಂತರೂ ಅದನ್ನೆಲ್ಲ ಯಾರಾದರೂ ಮಾಡಲೇಬೇಕು.

ನಿಷೇಧ ತಪ್ಪೇನಲ್ಲ. ಸಿಲ್ವರಿ ಬಾರ್ಬ್ಸ್ ಎಂಬ ಮಂತ್ರ ನನ್ನ ಆಟದಲ್ಲಿ ಇಲ್ಲ, ಆದರೆ ಅದನ್ನು ಮೊದಲ ದಿನವೇ ಹೇಳಿರುತ್ತೇನೆ. ನಡುವಿನಲ್ಲಿ ತೆಗೆಯಲೇಬೇಕಾಗಿ ಬಂದರೆ ಆಟದ ಹೊರಗೆ, ಚಹಾ ಕುಡಿಯುತ್ತಾ ಗೆಳೆಯನ ಹತ್ತಿರ ಮಾತಾಡಿ, ಬದಲಿಗೆ ಬೇರೊಂದು ಮೂರನೇ ಲೆವೆಲ್ ಮಂತ್ರ ಆರಿಸಿಕೊಳ್ಳಲು ಬಿಡಿ. ಅವನು ಎಲ್ಲರನ್ನೂ ಒಟ್ಟಿಗೆ ಸುಡುವ ಫೈರ್‌ಬಾಲ್ ಆರಿಸಿಕೊಂಡರೆ ನನ್ನನ್ನು ಬೈಯಬೇಡಿ.