ಹಳೇ ಮಿಲ್ಲಿಂಗ್ ಮಷಿನ್: ಬಿಚ್ಚುವ ಮೊದಲು ಅಳೆಯಿರಿ

ಮೈಸೂರಿನ ಹೆಬ್ಬಾಳ, ಕೂರ್ಗಳ್ಳಿ, ಮೇಟಗಳ್ಳಿ ಕಡೆಯ ಶೆಡ್‌ಗಳಲ್ಲಿ ದುಡಿದು ಹಳತಾದ ಟರೆಟ್ ಮಿಲ್ಲಿಂಗ್ ಮಷಿನ್ (ತಿರುಗುವ ಕಟರಿನಿಂದ ಲೋಹ ಕತ್ತರಿಸುವ ಯಂತ್ರ) ಮನೆಯ ಕಾರ್‌ಶೆಡ್ ಸೇರುವುದುಂಟು. ತಂದ ಮರುದಿನವೇ ಸ್ಪ್ಯಾನರ್ ಹಿಡಿದು ಬಿಚ್ಚಲು ಕೂರುತ್ತಾರೆ. ಅಲ್ಲೇ ತಪ್ಪಾಗುವುದು. ಬಿಚ್ಚಿಬಿಟ್ಟರೆ ಸವೆತ ಎಲ್ಲಿತ್ತು, ಎಷ್ಟಿತ್ತು ಎಂಬ ಸುಳಿವೇ ಹೋಗಿಬಿಡುತ್ತದೆ. 0.01 ಮಿ.ಮೀ. ಓದುವ ಒಂದು ಡಯಲ್ ಗೇಜ್, ಒಂದು ಮ್ಯಾಗ್ನೆಟಿಕ್ ಬೇಸ್ ಇದ್ದರೆ ಅರ್ಧ ದಿನದಲ್ಲಿ ಮಷಿನ್ ತನ್ನ ಕಾಯಿಲೆಯನ್ನು ತಾನೇ ಹೇಳುತ್ತದೆ.

ಮೊದಲು ಟೇಬಲ್ ಸ್ಕ್ರೂ ನೋಡಿ. ಹ್ಯಾಂಡಲ್ ತಿರುಗಿಸಿದಾಗ ನಟ್‌ನೊಳಗೆ ತಿರುಗಿ ಟೇಬಲನ್ನು ಸರಿಸುವುದು ಇದೇ. ಗೇಜಿನ ಮೊನೆಯನ್ನು ಟೇಬಲ್ ತುದಿಗೆ ತಾಗಿಸಿ, ಹ್ಯಾಂಡಲನ್ನು ಒಂದೇ ದಿಕ್ಕಿಗೆ ತಿರುಗಿಸಿ ಸೊನ್ನೆಗೆ ತನ್ನಿ. ಈಗ ಹಿಂದಕ್ಕೆ ತಿರುಗಿಸಿ. ಗೇಜ್ ಅಲುಗುವಷ್ಟರಲ್ಲಿ ಹ್ಯಾಂಡಲ್ ಡಯಲ್ ಎಷ್ಟು ಗೆರೆ ದಾಟಿತೋ ಅದೇ ಬ್ಯಾಕ್‌ಲ್ಯಾಶ್. ಇದನ್ನು ಟೇಬಲಿನ ಎರಡು ತುದಿಯಲ್ಲೂ ನಡುವೆಯೂ ಅಳೆಯಬೇಕು. ತುದಿಗಳಲ್ಲಿ 0.15, ನಡುವೆ 0.6 ಬಂದರೆ ಸ್ಕ್ರೂ ನಡುವೆ ಸವೆದಿದೆ ಎಂದರ್ಥ. ನಟ್ ಬದಲಿಸಿದರೆ ದುಡ್ಡು ದಂಡ. ಎಲ್ಲ ಕಡೆಯೂ 0.6 ಇದ್ದರೆ ನಟ್ ಸವೆದಿರಬೇಕು, ಇಲ್ಲವೇ ಸ್ಕ್ರೂ ತುದಿಯ ಥ್ರಸ್ಟ್ ಬೇರಿಂಗ್ ಸಡಿಲವಾಗಿರಬೇಕು. ಎರಡನ್ನೂ ಬೇರೆ ಮಾಡಿ ತಿಳಿಯುವುದು ಸುಲಭ. ಟೇಬಲನ್ನು ಕೈಯಿಂದ ಆಚೀಚೆ ತಳ್ಳಿ. ಹ್ಯಾಂಡಲಿನ ಶಾಫ್ಟ್ ಟೇಬಲ್ ತುದಿಯ ಬ್ರಾಕೆಟ್ಟಿನಲ್ಲಿ ಒಳಗೆ ಹೊರಗೆ ಆಡಿದರೆ ಸಡಿಲ ಬೇರಿಂಗಿನದು, ಲಾಕ್‌ನಟ್ ಬಿಗಿ ಮಾಡಿ. ಎಷ್ಟೋ ಮಷಿನ್‌ಗಳ ರಿಪೇರಿ ಅಲ್ಲಿಗೇ ಮುಗಿಯುತ್ತದೆ.

ನಟ್ ಹೊಸದಾಗಿಯೇ ಮಾಡಿಸಬೇಕಾದರೆ ಫಾಸ್ಫರ್ ಬ್ರಾಂಜ್‌ನಲ್ಲೇ ಮಾಡಿಸಿ. ಅದಕ್ಕೂ ಮೊದಲು ಸ್ಕ್ರೂ ಮಿಲಿಮೀಟರಿನದೋ ಇಂಚಿನದೋ ಖಚಿತವಾಗಲಿ. ಪಿಚ್ (ಎಳೆಯಿಂದ ಎಳೆಗೆ ಇರುವ ದೂರ) 5 ಮಿ.ಮೀ. ಆದರೆ ಹತ್ತು ಎಳೆಗೆ ಸರಿಯಾಗಿ 50 ಮಿ.ಮೀ. ಇಂಚಿಗೆ ಐದು ಎಳೆಯದಾದರೆ 50.8. ಒಂದೇ ಎಳೆ ಅಳೆದರೆ ಈ ವ್ಯತ್ಯಾಸ ಕಣ್ಣು ತಪ್ಪಿಸಿಬಿಡುತ್ತದೆ. ಎಡಮರೆ ಸ್ಕ್ರೂ (ಎಳೆ ಎಡಕ್ಕೆ ಸುತ್ತಿರುವುದು) ಕೂಡ ಟೇಬಲಿನಲ್ಲಿ ಸಾಮಾನ್ಯ, ಅದನ್ನೂ ನೋಡಿಕೊಳ್ಳಿ.

ಇನ್ನು ಗಿಬ್, ಅಂದರೆ ಟೇಬಲ್ ಆಡದಂತೆ ಅದರ ಜಾರುದಾರಿಯ ಸಂದಿಗೆ ತೂರಿಸಿದ ಲೋಹದ ಪಟ್ಟಿ. ಹೆಚ್ಚಿನ ಗೊಂದಲ ಇಲ್ಲಿಯೇ. ಕಟ್ ಹಾಕುವಾಗ ಮಷಿನ್ ನಡುಗಿದರೆ ಎಲ್ಲರ ಕೈಯೂ ಕಟರನ್ನು ತಿರುಗಿಸುವ ಸ್ಪಿಂಡಲಿನ ಬೇರಿಂಗ್ ಮೇಲೆ ಹೋಗುತ್ತದೆ, ನಿಜವಾದ ತೊಂದರೆ ಬಹಳ ಸಲ ಟೇಬಲ್ ಗಿಬ್‌ನದು. ‘ನೀ’ (ಮೇಲೆ ಕೆಳಗೆ ಹೋಗುವ ಭಾಗ) ಮತ್ತು ಸ್ಯಾಡಲ್ (ಅದರ ಮೇಲೆ ಟೇಬಲ್ ಹೊತ್ತು ಮುಂದೆ ಹಿಂದೆ ಸರಿಯುವ ಭಾಗ) ಎರಡನ್ನೂ ಲಾಕ್ ಮಾಡಿ, ಮ್ಯಾಗ್ನೆಟಿಕ್ ಬೇಸನ್ನು ಸ್ಯಾಡಲ್ ಮೇಲಿಟ್ಟು ಗೇಜಿನ ಮೊನೆಯನ್ನು ಟೇಬಲಿನ ಮುಂದಿನ ಅಂಚಿಗೆ ತಾಗಿಸಿ. ಟೇಬಲಿನ ಒಂದು ತುದಿಯನ್ನು ಹಿಡಿದು ಮುಂದಕ್ಕೂ ಹಿಂದಕ್ಕೂ ಒತ್ತಿ. ಮುಳ್ಳು ಎರಡು ಮೂರು ಗೆರೆ, ಅಂದರೆ 0.02–0.03 ಆಡಿ ಮರಳಿ ಅದೇ ಜಾಗಕ್ಕೆ ಬಂದರೆ ಚೆನ್ನಾಗಿದೆ. ಹತ್ತು ಗೆರೆ ಓಡಿ, ಬಿಟ್ಟ ಮೇಲೂ ಅಲ್ಲೇ ನಿಂತರೆ ಗಿಬ್ ಸಡಿಲ.

ಗಿಬ್ ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು. ತೆಳು ತುದಿಯ ಸ್ಕ್ರೂ ಸಡಿಲಿಸಿ, ದಪ್ಪ ತುದಿಯದನ್ನು ಕಾಲು ಸುತ್ತು ಬಿಗಿ ಮಾಡಿ, ಟೇಬಲನ್ನು ಪೂರ್ತಿ ಓಡಿಸಿ ನೋಡಿ. ಸಾಲದಿದ್ದರೆ ಮತ್ತೆ ಕಾಲು ಸುತ್ತು. ಒಂದೇ ಏಟಿಗೆ ತಿರುಗಿಸಬಾರದು. ಹಳೇ ಮಷಿನ್‌ಗಳಲ್ಲಿ ಸ್ಲೈಡ್ (ಟೇಬಲ್ ಜಾರುವ ದಾರಿ) ಸವೆಯುವುದು ನಡುಭಾಗದಲ್ಲಿ, ಏಕೆಂದರೆ ಜೀವಮಾನವಿಡೀ ಕೆಲಸ ನಡೆದದ್ದು ಅಲ್ಲಿಯೇ. ನಡುವಿನ ಆಟ ಪೂರ್ತಿ ಹೋಗಲಿ ಎಂದು ಬಿಗಿದರೆ ತುದಿಗಳಲ್ಲಿ ಟೇಬಲ್ ಕಚ್ಚಿಕೊಳ್ಳುತ್ತದೆ. ಮುಕ್ಕಾಲು ಭಾಗದ ಓಟ ಸಲೀಸಾಗಿರುವಂತೆ ನಿಲ್ಲಿಸಿ, ಕೊನೆಯ ತುದಿಗಳನ್ನು ಬಿಟ್ಟುಕೊಡುವುದೇ ವಿವೇಕ. ಬಿಗಿಯಲು ಸ್ಕ್ರೂ ಉಳಿದೇ ಇಲ್ಲವಾದರೆ ಗಿಬ್ ಹಿಂದೆ 0.1 ಮಿ.ಮೀ. ಹಿತ್ತಾಳೆ ಶಿಮ್ (ಸಂದಿ ತುಂಬುವ ತೆಳು ತಗಡು) ಪಟ್ಟಿ ಕೊಡಬಹುದು, ಆದರೆ ಗಿಬ್ಬಿನ ಪೂರ್ತಿ ಉದ್ದಕ್ಕೆ, ಸುಕ್ಕಿಲ್ಲದೆ. ತುಂಡು ಶಿಮ್ ಇಟ್ಟರೆ ಗಿಬ್ ಬಾಗುತ್ತದೆ. ಸ್ಲೈಡ್‌ಗೆ ಎಮರಿ ಪೇಪರ್ ಉಜ್ಜುವುದಂತೂ ಬೇಡವೇ ಬೇಡ.

ಟೇಬಲ್ ಭಾರವಾಗಿದ್ದರೆ ಗಿಬ್ಬಿಗೆ ಕೈ ಹಾಕುವ ಮುಂಚೆ ಎಣ್ಣೆ ದಾರಿ ನೋಡಿ. ಎಣ್ಣೆ ನಿಪ್ಪಲ್‌ಗೆ ಯಾರೋ ಗ್ರೀಸ್ ಗನ್ ಹಚ್ಚಿರುತ್ತಾರೆ. ಆ ಗ್ರೀಸ್ ತೂತಿನಲ್ಲೇ ಮೇಣದಂತೆ ಗಟ್ಟಿಯಾಗಿ, ಮುಂದೆ ಹಾಕಿದ ಎಣ್ಣೆ ಒಂದು ಹನಿಯೂ ಸ್ಲೈಡ್ ತಲುಪುವುದಿಲ್ಲ. ಸೀಮೆಎಣ್ಣೆ ತುಂಬಿ ರಾತ್ರಿಯಿಡೀ ಬಿಟ್ಟು, ತೆಳುವಾದ ತಂತಿಯಿಂದ ಚುಚ್ಚಿ ಬಿಡಿಸಿ. ಆಮೇಲೆ ಹಾಕಬೇಕಾದದ್ದು ವಿಜಿ 68 (ಎಣ್ಣೆಯ ದಪ್ಪದ ದರ್ಜೆ) ಸ್ಲೈಡ್‌ವೇ ಎಣ್ಣೆ. ಬೈಕಿನ ಎಂಜಿನ್ ಆಯಿಲ್ ಹಾಕಿದರೆ ನಿಧಾನ ಓಟದಲ್ಲಿ ಟೇಬಲ್ ತಡೆತಡೆದು ಜಿಗಿಯುತ್ತದೆ.

ಕರೆಂಟಿನ ವಿಷಯಕ್ಕೆ ಬಂದರೆ, ಮನೆಗೆ ಬರುವುದು 230 ವೋಲ್ಟ್ ಸಿಂಗಲ್ ಫೇಸ್. ಮಷಿನ್ ಮೋಟಾರ್ 415 ವೋಲ್ಟ್ ತ್ರೀ ಫೇಸ್. ಮಂಡ್ಯದ ಹಳ್ಳಿಗಳಲ್ಲಿ ತೋಟದ ಪಂಪ್‌ಸೆಟ್ ಲೈನ್ ಕಣ್ಣೆದುರೇ ಇರುತ್ತದೆ, ಆದರೆ ಅದರಿಂದ ಮಷಿನ್ ಓಡಿಸುವಂತಿಲ್ಲ. ವಿದ್ಯುತ್ ಕಂಪನಿ ಸೆಸ್ಕ್‌ನಿಂದ ತ್ರೀ ಫೇಸ್ ಪಡೆಯದೆ ಮುಗಿಸುವುದಾದರೆ ಸಿಂಗಲ್ ಫೇಸ್ ಇನ್‌ಪುಟ್‌ನ ವಿಎಫ್‌ಡಿ (ಸಿಂಗಲ್ ಫೇಸನ್ನು ತ್ರೀ ಫೇಸ್ ಮಾಡಿ, ಹರ್ಟ್ಸ್ ಬದಲಿಸಿ ಮೋಟಾರಿನ ವೇಗ ಹಿಡಿಯುವ ಸಾಧನ) ಬೇಕು. ಅದು ಹೊರಗೆ ಕೊಡುವುದೂ ಸಾಮಾನ್ಯವಾಗಿ 230 ವೋಲ್ಟ್ ತ್ರೀ ಫೇಸ್ ಮಾತ್ರ. ನಮ್ಮಲ್ಲಿನ 2 ಎಚ್‌ಪಿ ಮೋಟಾರ್ ಸಾಮಾನ್ಯವಾಗಿ ಸ್ಟಾರ್‌ನಲ್ಲಿರುತ್ತದೆ, ಅಂದರೆ ಮೂರು ವೈಂಡಿಂಗ್‌ಗಳ ಒಂದೊಂದು ತುದಿ ಒಂದೇ ಗಂಟಿಗೆ ಸೇರಿರುತ್ತದೆ. ಅದನ್ನು ಹಾಗೆಯೇ ಜೋಡಿಸಿದರೆ ತಿರುಗುತ್ತದೆ, ಆದರೆ ಬಲ ಮೂರನೇ ಒಂದು ಭಾಗಕ್ಕೆ ಇಳಿದು ಕಟರ್ ತಾಗಿದೊಡನೆ ನಿಲ್ಲುತ್ತದೆ. ಅದನ್ನು ಡೆಲ್ಟಾಗೆ, ಅಂದರೆ ಮೂರೂ ವೈಂಡಿಂಗ್ ತ್ರಿಕೋನವಾಗಿ ಸೇರುವ ಜೋಡಣೆಗೆ, ಬದಲಿಸಬೇಕು.

ಟರ್ಮಿನಲ್ ಬಾಕ್ಸಿನಲ್ಲಿ ಆರು ವೈರ್ ಇದ್ದರೆ ಅವನ್ನು ಸೇರಿಸುವ ಲೋಹದ ಪಟ್ಟಿಗಳ ಜಾಗ ಬದಲಿಸಿದರಾಯಿತು. ಮೂರೇ ಇದ್ದರೆ ಸ್ಟಾರ್ ಜೋಡಣೆ ವೈಂಡಿಂಗ್ ಒಳಗೇ ವಾರ್ನಿಶ್, ದಾರದ ಕಟ್ಟಿನಡಿ ಅಡಗಿದೆ. ಮೈಸೂರಿನಲ್ಲಾಗಲಿ ಮಂಡ್ಯದಲ್ಲಾಗಲಿ ಪಂಪ್‌ಸೆಟ್ ಮೋಟಾರ್ ರಿವೈಂಡಿಂಗ್ ಮಾಡುವವರು ಆ ಗಂಟು ಬಿಡಿಸಿ ಇನ್ನೂ ಮೂರು ವೈರ್ ಹೊರಗೆ ತಂದುಕೊಡುತ್ತಾರೆ. ಪೂರ್ತಿ ರಿವೈಂಡಿಂಗ್ ಬೇಕಿಲ್ಲ. ಅಲ್ಲಿಯೇ 500 ವೋಲ್ಟ್ ಮೆಗ್ಗರ್ (ವೈಂಡಿಂಗಿನ ಇನ್ಸುಲೇಶನ್ ಅಳೆಯುವ ಮೀಟರ್) ಹಾಕಿಸಿ. 1 ಮೆಗಾಓಮ್‌ಗಿಂತ ಕಡಿಮೆ ತೋರಿದರೆ ಮೋಟಾರ್ ತೇವ ಹಿಡಿದಿರಬಹುದು, ಒಣಗಿಸಿ ಮತ್ತೆ ಅಳೆಯಬೇಕು. 1.5 ಕಿಲೋವ್ಯಾಟ್ ವಿಎಫ್‌ಡಿಗೆ ಬೇರೆಯೇ ಲೈನ್, 4 ಚದರ ಮಿ.ಮೀ. ತಾಮ್ರದ ವೈರ್, ಸರಿಯಾದ ಅರ್ತಿಂಗ್ ಕೊಡಿ. ವಿಎಫ್‌ಡಿ ಮತ್ತು ಮೋಟಾರ್ ನಡುವೆ ಹಳೇ ಸ್ವಿಚ್ ಉಳಿಸಬೇಡಿ. ಓಡುವಾಗ ಅದನ್ನು ಆಡಿಸಿದರೆ ವಿಎಫ್‌ಡಿ ಸುಡಬಹುದು. ಮೇನ್ ಆಫ್ ಮಾಡಿದ ಮೇಲೂ ಒಳಗಿನ ಕೆಪಾಸಿಟರ್‌ಗಳಲ್ಲಿ ಪ್ರಾಣಾಪಾಯದಷ್ಟು ವೋಲ್ಟೇಜ್ ಉಳಿದಿರುತ್ತದೆ, ಹತ್ತು ನಿಮಿಷ ಕಾದೇ ಮುಚ್ಚಳ ತೆಗೆಯಿರಿ. ಕಡಿಮೆ ವೇಗ ಬೇಕಾದಾಗ ಬೆಲ್ಟನ್ನು ಪುಲ್ಲಿಯ ಬೇರೆ ಮೆಟ್ಟಿಲಿಗೆ ಹಾಕಿ. ವಿಎಫ್‌ಡಿಯನ್ನು 20 ಹರ್ಟ್ಸ್‌ಗೆ ಇಳಿಸಿ ಗಂಟೆಗಟ್ಟಲೆ ಓಡಿಸಿದರೆ ಮೋಟಾರಿನ ಫ್ಯಾನ್ ಗಾಳಿ ಸಾಲದೆ ವೈಂಡಿಂಗ್ ಬಿಸಿಯೇರುತ್ತದೆ.

ಸ್ಪಿಂಡಲ್ ಟೇಪರ್ (ಟೂಲ್ ಹೋಲ್ಡರ್ ಕೂರುವ ಶಂಕುವಿನಾಕಾರದ ತೂತು) ಒಳಗೆ ಗೇಜ್ ಇಟ್ಟು ಕೈಯಿಂದ ತಿರುಗಿಸಿದಾಗ 0.01ರ ಒಳಗಿದ್ದರೆ ಬೇರಿಂಗ್ ಮುಟ್ಟಬೇಡಿ. ಐಎಸ್‌ಒ 40 (ಟೇಪರಿನ ಅಳತೆ) ಟೂಲ್ ಹೋಲ್ಡರ್ ಕೊಳ್ಳುವಾಗ, ಅದನ್ನು ಮೇಲಕ್ಕೆಳೆದು ಹಿಡಿಯುವ ಡ್ರಾಬಾರ್‌ನ ಮರೆ (ಎಳೆ) ನೋಡಿ: ಎಂ16 ಒಂದು, 5/8 ಇಂಚು ಇನ್ನೊಂದು. ಒಂದಕ್ಕೊಂದು ಎರಡು ಮೂರು ಸುತ್ತು ಹೋಗಿ ಕಚ್ಚಿಕೊಳ್ಳುತ್ತವೆ, ಬಲ ಹಾಕಿದರೆ ಎರಡೂ ಹಾಳು. ಕೊನೆಗೆ ಹೆಡ್ಡನ್ನು ಟೇಬಲಿಗೆ ನೇರ ಮಾಡುವುದು: ಸ್ಪಿಂಡಲ್‌ಗೆ ಗೇಜ್ ಕಟ್ಟಿ 200 ಮಿ.ಮೀ. ಅಗಲದ ಸುತ್ತು ಹಾಕಿಸಿದರೆ ವ್ಯತ್ಯಾಸ 0.02 ಮೀರಬಾರದು. ಬೋಲ್ಟ್ ಬಿಗಿಯುವಾಗ ಹೆಡ್ ಸರಿಯುತ್ತದೆ, ಆದ್ದರಿಂದ ಬಿಗಿದ ಮೇಲೆ ಮತ್ತೆ ನೋಡಲೇಬೇಕು.

ಮಂಡ್ಯದ ಕಡೆ ಇಂಥ ಮಷಿನ್‌ಗೆ ಬರುವ ಕೆಲಸವೆಂದರೆ ಆಲೆಮನೆಯ ಗಾಣದ ಶಾಫ್ಟಿಗೆ ಕೀವೇ (ಕೀಲಿ ಕೂರುವ ಉದ್ದನೆಯ ಗಾಡಿ, ಅಂದರೆ ಕಾಲುವೆ) ಹಾಕುವುದು. 60 ಮಿ.ಮೀ. ಶಾಫ್ಟಿಗೆ 18 ಮಿ.ಮೀ. ಅಗಲ, 7 ಮಿ.ಮೀ. ಆಳ. 18ರ ಕಟರಿನಿಂದ ಒಂದೇ ಸಲ ಹೊಡೆದರೆ ಕಟರ್ ಪಕ್ಕಕ್ಕೆ ಎಳೆದು ಗಾಡಿ ಅಗಲವಾಗುತ್ತದೆ. 16ರ ಕಟರಿನಿಂದ ನಡುವೆ ತೆಗೆದು, ಆಮೇಲೆ ಎರಡೂ ಗೋಡೆಗಳನ್ನು ಕಟರ್ ತಿರುಗುವ ದಿಕ್ಕಿಗೆ ಎದುರಾಗಿಯೇ ಓಡಿಸಿ ಬಿಡಿಸಿ. ದಿಕ್ಕಿನ ಜೊತೆಗೆ ಓಡಿಸಿದರೆ ಬ್ಯಾಕ್‌ಲ್ಯಾಶ್ ಇರುವಷ್ಟು ದೂರ ಕಟರ್ ಟೇಬಲನ್ನು ಕಸಿದುಕೊಂಡು ಹಲ್ಲು ಮುರಿಯುತ್ತದೆ. ಡಿಆರ್‌ಒ (ಟೇಬಲ್ ಸರಿದ ದೂರವನ್ನು ನೇರವಾಗಿ ಅಂಕಿಯಲ್ಲಿ ತೋರಿಸುವ ಸಾಧನ) ಹಾಕಿದ್ದರೂ ಈ ಅಪಾಯ ತಪ್ಪದು. ಡಿಆರ್‌ಒ ನೆರವಿಗೆ ಬರುವುದು ಸೆಂಟರ್ ಹಿಡಿಯುವಾಗ. ಹ್ಯಾಂಡಲ್ ಡಯಲನ್ನೇ ನಂಬಿ ಶಾಫ್ಟಿನ ಒಂದು ಬದಿಯನ್ನು ಎಡದಿಂದ, ಇನ್ನೊಂದನ್ನು ಬಲದಿಂದ ಮುಟ್ಟಿಸಿ ಅರ್ಧ ಮಾಡಿದರೆ, 0.4 ಬ್ಯಾಕ್‌ಲ್ಯಾಶ್ ಇರುವ ಮಷಿನ್‌ನಲ್ಲಿ ಸೆಂಟರ್ 0.2 ತಪ್ಪುತ್ತದೆ. ಡಿಆರ್‌ಒ ಇಲ್ಲದವರು ಮೊದಲ ದಿನ ಅಳೆದು ಬರೆದಿಟ್ಟ ಅಂಕಿಯನ್ನು ಎರಡನೇ ಓದಿನಿಂದ ಸರಿದೂಗಿಸಿ ಅರ್ಧ ಮಾಡಿದರೆ ಕೀವೇ ನಟ್ಟನಡುವೆ ಕೂರುತ್ತದೆ.