ಎರೆ ಮಣ್ಣು, ಕೆಂಪು ಮಣ್ಣು, ನಾಲ್ಕು ಗಾಲಿ: ಮನೆಗೆ ಎಸ್‌ಯುವಿ ಆರಿಸುವ ಲೆಕ್ಕ

ಹೋದ ಸೆಪ್ಟೆಂಬರಿನಲ್ಲಿ ಜೇವರ್ಗಿ ಕಡೆಯ ಊರಿಂದ ನಮ್ಮ ಕಾಕಾ ಫೋನ್ ಮಾಡಿದರು. "ತಮ್ಮಾ, ನೀ ಆಟೊಮೊಬೈಲ್ ಓದ್ಲಿಕತ್ತಿ ಅಲಾ? ಹೊಸಾ ಗಾಡಿ ತಗೋಬೇಕು. ನಾಕೂ ಗಾಲಿ ಎಳಿಯೋದು ಬೇಕೇನು, ಮುಂದಿನ ಎರಡು ಎಳದ್ರ ಸಾಕೇನು?" ಡಿಪ್ಲೊಮಾ ಮೂರನೇ ವರ್ಷದಲ್ಲಿ ಇದೇ ಪಾಠ ಓದುತ್ತಿದ್ದೆ. ಆದರೂ ಥಟ್ಟನೆ ಉತ್ತರ ಹೇಳಲು ಆಗಲಿಲ್ಲ. ಪುಸ್ತಕದಲ್ಲಿ ಗೇರು, ಶಾಫ್ಟು ಎಲ್ಲ ಇವೆ, ಕಾಕಾನ ಹೊಲದ ದಾರಿ ಇಲ್ಲ. ಆ ದಾರಿಯನ್ನೂ ಸೇರಿಸಿ ಮಾಡಿಕೊಂಡ ಟಿಪ್ಪಣಿ ಇದು. ಕಲಬುರಗಿ, ಬೀದರ್, ಯಾದಗಿರಿ ಕಡೆ ಓದುವವರಿಗೆ ಉಪಯೋಗ ಆಗಬಹುದು ಅಂತ ಬರೆಯುತ್ತಿದ್ದೇನೆ.

ಮೊದಲು ರಚನೆ

ಫ್ರಂಟ್ ವೀಲ್ ಡ್ರೈವ್, ಅಂದರೆ ಮುಂದಿನ ಎರಡು ಗಾಲಿ ಎಳೆಯುವ ಗಾಡಿಯಲ್ಲಿ ಎಂಜಿನ್ ಸಾಮಾನ್ಯವಾಗಿ ಅಡ್ಡಡ್ಡ ಕೂತಿರುತ್ತದೆ. ಗೇರ್‌ಬಾಕ್ಸ್ ಮತ್ತು ಡಿಫರೆನ್ಶಿಯಲ್ (ತಿರುವಿನಲ್ಲಿ ಎಡ, ಬಲ ಗಾಲಿ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರು) ಒಂದೇ ಪೆಟ್ಟಿಗೆಯಲ್ಲಿ ಇರುತ್ತವೆ. ಅಲ್ಲಿಂದ ಎರಡು ಡ್ರೈವ್ ಶಾಫ್ಟ್, ಅವುಗಳ ತುದಿಗೆ ಗಾಲಿ ಹೊರಳಿದರೂ ಬಲ ದಾಟಿಸುವ ಕೀಲು, ಅಂದರೆ ಸಿವಿ ಜಾಯಿಂಟ್, ಅದಕ್ಕೆ ರಬ್ಬರ್ ಬೂಟು. ಇಷ್ಟೇ. ಹಿಂದಿನ ಗಾಲಿಗಳು ಸುಮ್ನೆ ಉರುಳುತ್ತವೆ. ನಮ್ಮ ದೇಶದಲ್ಲಿ 1983ರಲ್ಲಿ ಬಂದ ಮಾರುತಿ 800 ಈ ಜಾತಿಯದು. ಅದಕ್ಕೂ ಮುಂಚಿನ ಅಂಬಾಸಿಡರ್, ಪದ್ಮಿನಿ ಎರಡರಲ್ಲೂ ಬಲ ಹಿಂದಿನ ಗಾಲಿಗೆ ಹೋಗುತ್ತಿತ್ತು. ಇವತ್ತು ರಸ್ತೆಯಲ್ಲಿ ಕಾಣುವ ಕ್ರೆಟಾ, ಸೆಲ್ಟೋಸ್, ನೆಕ್ಸಾನ್, ಬ್ರೆಝಾ ನೋಡಲು ಎಷ್ಟೇ ದಪ್ಪ ಇರಲಿ, ಎಲ್ಲವೂ ಫ್ರಂಟ್ ವೀಲ್ ಡ್ರೈವ್. ಎಸ್‌ಯುವಿ ಅಂದರೆ ನಾಲ್ಕೂ ಗಾಲಿಗೆ ಬಲ ಅಂತ ಬಹಳ ಜನ ತಿಳಿದಿದ್ದಾರೆ. ಹಾಗಿಲ್ಲ.

ಆಲ್ ವೀಲ್ ಡ್ರೈವ್, ಅಂದರೆ ನಾಲ್ಕೂ ಗಾಲಿಗೆ ಬಲ ಹೋಗುವುದಕ್ಕೆ, ಇದೇ ಗಾಡಿಗೆ ಮೂರು ಸಾಮಾನು ಜಾಸ್ತಿ. ಮುಂದಿನ ಗೇರ್‌ಬಾಕ್ಸಿನಿಂದ ಬಲ ಹಿಂದಕ್ಕೆ ತಿರುಗಿಸುವ ಒಂದು ಗೇರ್ ಪೆಟ್ಟಿಗೆ, ಗಾಡಿಯ ಹೊಟ್ಟೆ ಕೆಳಗೆ ಉದ್ದಕ್ಕೆ ಹೋಗುವ ಪ್ರೊಪೆಲ್ಲರ್ ಶಾಫ್ಟ್, ಹಿಂದೆ ಇನ್ನೊಂದು ಡಿಫರೆನ್ಶಿಯಲ್. ಈ ಡಿಫರೆನ್ಶಿಯಲ್ಲಿನ ಮುಂದೆ ಒಂದು ಕಪ್ಲಿಂಗ್ ಇರುತ್ತದೆ. ಒಳಗೆ ಬೈಕಿನ ಕ್ಲಚ್ಚಿನ ಹಾಗೆ ಒಂದರ ಮೇಲೊಂದು ಪ್ಲೇಟುಗಳು. ಒಣ ರಸ್ತೆಯಲ್ಲಿ ಪ್ಲೇಟುಗಳು ಸಡಿಲ ಇರುತ್ತವೆ, ಹೆಚ್ಚು ಕಡಿಮೆ ಪೂರ್ತಿ ಬಲ ಮುಂದಕ್ಕೇ ಹೋಗುತ್ತದೆ. ಮುಂದಿನ ಗಾಲಿ ಜಾರಿದ್ದನ್ನು ಗಾಲಿಯ ವೇಗ ಅಳೆಯುವ ಎಬಿಎಸ್ ಸೆನ್ಸರ್ ಹೇಳಿದ ಕೂಡಲೇ ಕಂಪ್ಯೂಟರ್ ಪ್ಲೇಟುಗಳನ್ನು ಒತ್ತುತ್ತದೆ, ಹಿಂದಿನ ಗಾಲಿಗೂ ಬಲ ಸಿಗುತ್ತದೆ. ಫ್ಯಾಮಿಲಿ ಎಸ್‌ಯುವಿಗಳಲ್ಲಿ ಹೆಚ್ಚಾಗಿ ಬರುವುದು ಈ ಬೇಕಾದಾಗ ಮಾತ್ರ ಕೆಲಸ ಮಾಡುವ ನಮೂನೆಯೇ.

ಇದನ್ನು ಥಾರ್, ಜಿಮ್ನಿ ಥರದ ಫೋರ್ ವೀಲ್ ಡ್ರೈವ್ ಜೊತೆ ಕಲಸಬೇಡಿ. ಅವುಗಳಲ್ಲಿ ಮುಂದೆ, ಹಿಂದೆ ಬಲ ಹಂಚುವ ಟ್ರಾನ್ಸ್‌ಫರ್ ಕೇಸ್ ಇರುತ್ತದೆ, ನಿಧಾನಕ್ಕೆ ಜಾಸ್ತಿ ಬಲದಿಂದ ಎಳೆಯುವ ಲೋ ರೇಂಜ್ ಗೇರ್ ಇರುತ್ತದೆ. ಮುಂದಿನ, ಹಿಂದಿನ ಆಕ್ಸಲ್ ಎರಡನ್ನೂ ಗಟ್ಟಿಯಾಗಿ ಕಟ್ಟಿಹಾಕುವುದರಿಂದ ಅವು ಬೇರೆ ಬೇರೆ ವೇಗದಲ್ಲಿ ತಿರುಗಲಾರವು, ಹಾಗಾಗಿ ಒಣ ಡಾಂಬರಿನ ಮೇಲೆ ಅದನ್ನು ಹಾಕಿಕೊಂಡು ತಿರುವು ತೆಗೆದುಕೊಳ್ಳಬಾರದು. ಪರೀಕ್ಷೆಯಲ್ಲಿ ಈ ವ್ಯತ್ಯಾಸ ಕೇಳುತ್ತಾರೆ.

ಈಗ ಲೆಕ್ಕ

ಗಾಲಿ ಎಳೆಯಬಲ್ಲ ಬಲ ಅಂದರೆ ಆ ಗಾಲಿಯ ಮೇಲಿನ ಭಾರ ಗುಣಿಸು ಘರ್ಷಣೆಯ ಗುಣಾಂಕ, ಅಂದರೆ ನೆಲ ಟೈರನ್ನು ಎಷ್ಟು ಹಿಡಿಯುತ್ತದೆ ಅನ್ನುವ ಅಂಕಿ. ಎಂಜಿನ್ ಎಷ್ಟೇ ದೊಡ್ಡದಿರಲಿ, ಇದಕ್ಕಿಂತ ಜಾಸ್ತಿ ನೆಲಕ್ಕೆ ಇಳಿಯುವುದಿಲ್ಲ. ಈ ಒಂದು ಸಾಲು ಗಟ್ಟಿ ಆದರೆ ಅರ್ಧ ಪಾಠ ಮುಗಿದ ಹಾಗೆ.

ಐದು ಜನ, ಸಾಮಾನು ಎಲ್ಲ ಸೇರಿ ಗಾಡಿ 1,600 ಕೆಜಿ ಅಂತ ಇಟ್ಟುಕೊಳ್ಳೋಣ. ಮುಂದಿನ ಗಾಲಿಗಳ ಮೇಲೆ ಶೇ. 55, ಅಂದರೆ 880 ಕೆಜಿ. ಖಾಲಿ ಗಾಡಿಯಲ್ಲಿ ಮುಂದೆ ಶೇ. 60ರ ಹತ್ತಿರ ಇರುತ್ತದೆ. ಹಿಂದೆ ಮೂರು ಜನ ಕೂತು ಡಿಕ್ಕಿ ತುಂಬಿದರೆ ಆ ಪಾಲು ಇಳಿಯುತ್ತದೆ. ಗುಣಾಂಕವನ್ನು ಒಣ ಡಾಂಬರಿಗೆ 0.7, ಒದ್ದೆ ಡಾಂಬರಿಗೆ 0.4, ರಾಡಿಗೆ 0.25 ಹಿಡಿಯೋಣ. ಇವು ಲೆಕ್ಕಕ್ಕೆ ಇಟ್ಟುಕೊಂಡ ಅಂಕಿ. ನಿಜವಾದ ನೆಲದಲ್ಲಿ ಹೆಚ್ಚು ಕಡಿಮೆ ಆಗುತ್ತದೆ.

20 ಮೀಟರಿಗೆ 1 ಮೀಟರ್ ಏರುವ ದಾರಿ ಇದೆ. ಏರಿಗೆ ಬೇಕಾದ ಬಲ ಗಾಡಿಯ ಭಾರದ ಇಪ್ಪತ್ತನೇ ಒಂದು ಭಾಗ, 80 ಕೆಜಿ (ಇಲ್ಲಿ ಬಲವನ್ನೂ ಕೆಜಿಯಲ್ಲೇ ಹೇಳುತ್ತಿದ್ದೇನೆ). ಡಾಂಬರಿನ ಮೇಲೆ ಗಾಲಿ ಉರುಳುವುದಕ್ಕೆ ಸುಮಾರು 24 ಕೆಜಿ. ಒಟ್ಟು 104. ಮಳೆಯಲ್ಲಿ ನೆಂದ ಡಾಂಬರಿನ ಮೇಲೂ ಮುಂದಿನ ಎರಡೇ ಗಾಲಿ 352 ಕೆಜಿ ಎಳೆಯುತ್ತವೆ. ಬೇಕಾದದ್ದಕ್ಕಿಂತ ಮೂರು ಪಟ್ಟು! ಬೀದರಿನಿಂದ ಹುಮನಾಬಾದ್, ಕಲಬುರಗಿ, ಜೇವರ್ಗಿ ಮೇಲೆ ವಿಜಯಪುರಕ್ಕೆ ಹೋಗುವ 50ನೇ ನಂಬರ್ ಹೆದ್ದಾರಿಯಲ್ಲಿ ಡಾಂಬರು ಮಳೆಗೆ ನೆಂದರೂ ಇಂಥ ಏರಿಗೆ ಎಳೆಯುವ ಬಲ ಕಡಿಮೆ ಬೀಳುವುದಿಲ್ಲ.

ಇನ್ನು ರಾಡಿ. ಅಲ್ಲಿ ಗಾಲಿ ಉರುಳುವುದಕ್ಕೇ 160 ಕೆಜಿ ಬೇಕು ಅನ್ನಿ, ಏರಿನ 80 ಸೇರಿ 240. ಫ್ರಂಟ್ ವೀಲ್ ಡ್ರೈವ್ ಎಳೆಯುವುದು 880 ಗುಣಿಸು 0.25, ಅಂದರೆ 220. ಇಪ್ಪತ್ತು ಕೆಜಿ ಕಡಿಮೆ ಬಿತ್ತು, ಗಾಡಿ ನಿಂತಿತು. ಆಲ್ ವೀಲ್ ಡ್ರೈವಿನಲ್ಲಿ ಪೂರ್ತಿ 1,600 ಕೆಜಿಯೂ ಲೆಕ್ಕಕ್ಕೆ ಬರುತ್ತದೆ, 400 ಆಯಿತು. ಆರಾಮಾಗಿ ಹೋಗುತ್ತದೆ. ಏರಿನಲ್ಲಿ ಭಾರ ಸ್ವಲ್ಪ ಹಿಂದಕ್ಕೆ ವಾಲುವುದರಿಂದ ಫ್ರಂಟ್ ವೀಲ್ ಡ್ರೈವಿಗೆ ಇನ್ನೂ ನಷ್ಟ.

ಆಲ್ ವೀಲ್ ಡ್ರೈವ್ ಗೆದ್ದಿತು ಅನಿಸುತ್ತೆ ಅಲ್ವಾ? ನಾನೂ ಇಲ್ಲಿಗೇ ನಿಲ್ಲಿಸಿ ಕಾಕಾಗೆ ಫೋನ್ ಮಾಡುವವನಿದ್ದೆ. ಅಷ್ಟರಲ್ಲಿ ಆ ಭಾನುವಾರ ಊರಿಗೇ ಹೋದೆ.

ಎರೆ ಮಣ್ಣು ಏನು ಮಾಡುತ್ತದೆ

ಹಿಂದಿನ ರಾತ್ರಿ ಮಳೆ ಆಗಿತ್ತು. ತೊಗರಿ ಹೊಲದ ದಾರಿಗೆ ಪರಿಚಯದವರ ಆಲ್ ವೀಲ್ ಡ್ರೈವ್ ಗಾಡಿಯನ್ನೇ ಇಳಿಸಿದೆವು. ಮೊದಲ ಹತ್ತು ಹೆಜ್ಜೆ ಚೆನ್ನಾಗಿ ಹೋಯಿತು. ಆಮೇಲೆ ನಾಲ್ಕೂ ಗಾಲಿ ಒಟ್ಟಿಗೆ ತಿರುಗತೊಡಗಿದವು, ಗಾಡಿ ಮಾತ್ರ ಇದ್ದಲ್ಲೇ. ಕೆಳಗೆ ಇಳಿದು ಟೈರ್ ನೋಡಿದೆ. ಟೈರಿನ ಗೀರು ಒಂದೂ ಕಾಣಲಿಲ್ಲ. ಕರಿ ಮಣ್ಣು ಗೀರುಗಳನ್ನೆಲ್ಲ ತುಂಬಿ, ಮೇಲೆ ಎರಡು ಬೆರಳು ದಪ್ಪ ಮೆತ್ತಿ, ನುಣ್ಣಗೆ ಹೊಳೆಯುತ್ತಿತ್ತು. ಕುಂಬಾರ ಕೈಯಾಡಿಸಿದ ಗಡಿಗೆಯ ಹಾಗೆ. ಕಾಕಾ ಖುರ್ಪಿ ತಂದು ಒಂದೊಂದೇ ಗೀರು ಕೆರೆದರು. "ರೇಸ್ ಕೊಡಬ್ಯಾಡ, ಮತ್ತ ಹೂಳತದ" ಅಂದರು. ಕೊನೆಗೆ ಟ್ರ್ಯಾಕ್ಟರ್ ತರಿಸಿ ಎಳೆಸಬೇಕಾಯಿತು.

ಕಾರಣ ಮಣ್ಣಿನ ಒಳಗೇ ಇದೆ. ನಮ್ಮ ಕರಿ ಎರೆ ದಖನ್ನಿನ ಬಸಾಲ್ಟ್ ಕಲ್ಲು ಗಾಳಿ ಮಳೆಗೆ ಶಿಥಿಲವಾಗಿ ಆದದ್ದು. ಅದರಲ್ಲಿ ಮಾಂಟ್‌ಮೊರಿಲೊನೈಟ್ ಅನ್ನುವ ಜೇಡಿ ಜಾಸ್ತಿ. ಇದರ ಪದರಗಳ ನಡುವೆ ನೀರು ಹೊಕ್ಕು ಮಣ್ಣು ಉಬ್ಬುತ್ತದೆ, ಅಂಟಾಗುತ್ತದೆ. ಬೇಸಿಗೆಯಲ್ಲಿ ಅದೇ ಹೊಲ ಕಾಲು ಸಿಕ್ಕಿಕೊಳ್ಳುವಷ್ಟು ಬಿರುಕು ಬಿಡುತ್ತದೆ. ಗೀರು ಮುಚ್ಚಿದ ಟೈರಿಗೆ ಗುಣಾಂಕ 0.12ಕ್ಕೆ ಇಳಿಯಿತು ಅನ್ನಿ. 1,600 ಗುಣಿಸು 0.12 ಅಂದರೆ 192. ಬೇಕಾದದ್ದು 240. ನಾಲ್ಕೂ ಗಾಲಿಗೆ ಬಲ ಇದ್ದೂ ನಿಂತಿತು. ಅದೇ ಗಾಡಿ, ಅದೇ ಭಾರ, ಟೈರಿನ ಮುಖ ಮಾತ್ರ ಬದಲು.

ಅಷ್ಟು ಹೊತ್ತು ಜಾರಿದರೆ ಹಿಂದಿನ ಕಪ್ಲಿಂಗಿನ ಪ್ಲೇಟುಗಳು ಕಾಯುತ್ತವೆ. ಹೆಚ್ಚು ಬಿಸಿಯಾದರೆ ಹಲವು ಗಾಡಿಗಳಲ್ಲಿ ಅದು ತಾನೇ ಬಿಟ್ಟುಕೊಂಡು ಮೀಟರಿನಲ್ಲಿ ದೀಪ ಹಚ್ಚುತ್ತದೆ. ಆಗ ಇರುವುದು ಫ್ರಂಟ್ ವೀಲ್ ಡ್ರೈವ್ ಮಾತ್ರ.

ಬೀದರಿನ ಕಥೆ ಬೇರೆ. ಬೀದರ್ ಊರು ಕೂತಿರುವುದು ಕೆಂಪು ಜಂಬಿಟ್ಟಿಗೆಯ ಮೇಲೆ. ಅದರಲ್ಲಿ ನೀರು ಇಂಗುತ್ತದೆ. ನೌಬಾದಿನಲ್ಲಿ ನೆಲದಡಿ ನೀರು ಹರಿಸುವ ಹಳೆಯ ಕರೇಜ್ ಸುರಂಗಗಳನ್ನು ಕೊರೆದದ್ದೂ ಇದೇ ಕಲ್ಲಿನಲ್ಲಿ. ಮಳೆ ನಿಂತು ಸ್ವಲ್ಪ ಹೊತ್ತಾದರೆ ದಾರಿ ಗಟ್ಟಿಯಾಗುತ್ತದೆ, ಟೈರಿಗೆ ಹಿಡಿತ ಸಿಗುತ್ತದೆ. ಭಾಲ್ಕಿ, ಔರಾದ್ ಕಡೆ ಇಳಿದರೆ ಮತ್ತೆ ಕರಿ ಮಣ್ಣು. ಯಾದಗಿರಿ ಜಿಲ್ಲೆಯ ಶಹಾಪುರ, ಸುರಪುರದಲ್ಲಿ ನಾರಾಯಣಪುರ ಕಾಲುವೆಯ ನೀರು ಇರುವುದರಿಂದ ಭತ್ತದ ಗದ್ದೆ ಪಕ್ಕದ ದಾರಿ ಮಳೆ ಇಲ್ಲದಾಗಲೂ ಒದ್ದೆ ಇರುತ್ತದೆ. ಹಾಗಾಗಿ ಯಾರಾದರೂ ಗಾಡಿ ಬಗ್ಗೆ ಕೇಳಿದರೆ ನಾನು ಈಗ ಮೊದಲು ಕೇಳುವುದು "ನಿಮ್ಮ ದಾರಿಯ ಮಣ್ಣು ಯಾವುದು?" ಅಂತ.

ನಿಲ್ಲುವುದು, ತಿರುಗುವುದು

ಇಲ್ಲಿ ಬಹಳ ಜನ ತಪ್ಪು ತಿಳಿಯುತ್ತಾರೆ, ಜೀವಕ್ಕೆ ಸಂಬಂಧಿಸಿದ ತಪ್ಪು. ಬ್ರೇಕ್ ಎಲ್ಲ ಕಾರಿನಲ್ಲೂ ನಾಲ್ಕೂ ಗಾಲಿಗೆ ಇದೆ. ಗಂಟೆಗೆ 80 ಕಿಮೀ ವೇಗದಲ್ಲಿ ಬ್ರೇಕ್ ಒತ್ತಿದರೆ ಒಣ ಡಾಂಬರಿನಲ್ಲಿ ನಿಲ್ಲಲು ಸುಮಾರು 36 ಮೀಟರ್, ಒದ್ದೆಯಲ್ಲಿ ಸುಮಾರು 63 ಮೀಟರ್ ಬೇಕು. ವೇಗವನ್ನು ಸೆಕೆಂಡಿಗೆ ಮೀಟರಿನಲ್ಲಿ ಬರೆದು, ಅದರ ವರ್ಗವನ್ನು ಗುಣಾಂಕ ಗುಣಿಸು ಗುರುತ್ವ (9.81) ಇದರ ಎರಡು ಪಟ್ಟಿನಿಂದ ಭಾಗಿಸಿ ನೋಡಿ, ಬರುತ್ತದೆ. ಆ ಸೂತ್ರದಲ್ಲಿ ಎಂಜಿನ್ ಎಷ್ಟು ಗಾಲಿ ಎಳೆಯುತ್ತದೆ ಅನ್ನುವುದು ಎಲ್ಲೂ ಇಲ್ಲ. ತಿರುವಿನಲ್ಲೂ ಕೊನೆಗೆ ಹಿಡಿಯುವುದು ಟೈರೇ. ಮಳೆಯಲ್ಲಿ ಆಲ್ ವೀಲ್ ಡ್ರೈವ್ ಗಾಡಿ ಸಲೀಸಾಗಿ ವೇಗ ಹಿಡಿಯುತ್ತದೆ, ಅದರಿಂದ ರಸ್ತೆ ಚೆನ್ನಾಗಿದೆ ಅಂತ ಅನಿಸಿಬಿಡುತ್ತದೆ. ನಿಲ್ಲಿಸುವಾಗ ಗೊತ್ತಾಗುತ್ತದೆ.

ಕಾಗಿಣಾ ಹೊಳೆ ಉಕ್ಕಿ ದಂಡೋತಿ, ಮಳಖೇಡ ಕಡೆ ಸೇತುವೆ ಮೇಲೆ ನೀರು ಹರಿಯುವಾಗ ಯಾವ ಗಾಡಿಯೂ ಇಳಿಸಬಾರದು. ನೀರು ಗಾಡಿಯನ್ನು ಮೇಲಕ್ಕೆ ಎತ್ತಿದರೆ ಗಾಲಿ ಮೇಲಿನ ಭಾರವೇ ಹೋಯಿತು. ಭಾರ ಸೊನ್ನೆ ಆದರೆ ನಮ್ಮ ಮೊದಲ ಸೂತ್ರದಲ್ಲಿ ಎಳೆತವೂ ಸೊನ್ನೆ.

ಖರ್ಚು

ಮಾರುತಿಯ ಗ್ರ್ಯಾಂಡ್ ವಿಟಾರಾ 2022ರಲ್ಲಿ ಬಂದಾಗ ಮ್ಯಾನುಯಲ್ ಗೇರಿನ ಫ್ರಂಟ್ ವೀಲ್ ಡ್ರೈವಿಗೆ ಕಂಪನಿ ಹೇಳಿದ ಮೈಲೇಜ್ ಲೀಟರಿಗೆ 21.11 ಕಿಮೀ, ಆಲ್ ವೀಲ್ ಡ್ರೈವಿಗೆ 19.38. ವರ್ಷಕ್ಕೆ 12,000 ಕಿಮೀ ಓಡಿಸಿದರೆ ಸುಮಾರು 51 ಲೀಟರ್ ಪೆಟ್ರೋಲ್ ಜಾಸ್ತಿ. ಲೀಟರಿಗೆ 100 ರೂಪಾಯಿ ಹಿಡಿದರೂ 5,000ದ ಆಸುಪಾಸು. ಇದು ದೊಡ್ಡದಲ್ಲ. ದೊಡ್ಡದು ಕೊಳ್ಳುವ ಬೆಲೆ, ಯಾಕೆಂದರೆ ಆಲ್ ವೀಲ್ ಡ್ರೈವ್ ಹೆಚ್ಚಾಗಿ ಮೇಲಿನ ಮಾಡೆಲ್‌ಗಳಲ್ಲೇ ಸಿಗುತ್ತದೆ. ಆಮೇಲೆ ಹಿಂದಿನ ಡಿಫರೆನ್ಶಿಯಲ್ ಆಯಿಲ್, ಮುಂದಿನ ಗೇರ್ ಪೆಟ್ಟಿಗೆಯ ಆಯಿಲ್. ಟೈರ್ ಕೂಡ ನಾಲ್ಕೂ ಒಂದೇ ಸೈಜಿನವು, ಹೆಚ್ಚು ಕಡಿಮೆ ಒಂದೇ ಸಮ ಸವೆದವು ಇರಬೇಕು. ಒಂದು ಟೈರ್ ಹಳೆಯದು, ಒಂದು ಹೊಸದು ಆದರೆ ಗಾಲಿಗಳು ಬೇರೆ ಬೇರೆ ವೇಗದಲ್ಲಿ ತಿರುಗಿ ಕಪ್ಲಿಂಗ್ ಸುಮ್ನೆ ಸವೆಯುತ್ತದೆ.

ಕಾಕಾಗೆ ಏನು ಹೇಳಿದೆ

ಅವರ ಮನೆಯಿಂದ ಡಾಂಬರ್ ರಸ್ತೆಗೆ ಇನ್ನೂರು ಹೆಜ್ಜೆ. ಓಡಾಟ ಜೇವರ್ಗಿ, ಕಲಬುರಗಿ ದವಾಖಾನಿ, ವರ್ಷಕ್ಕೊಮ್ಮೆ ಶರಣಬಸವೇಶ್ವರ ಜಾತ್ರೆ, ಗಾಣಗಾಪುರ. ಹೊಲಕ್ಕೆ ಬೈಕೋ ಟ್ರ್ಯಾಕ್ಟರೋ ಇದೆ. ಹಾಗಾಗಿ ಫ್ರಂಟ್ ವೀಲ್ ಡ್ರೈವ್ ತಗೊಳ್ಳಿ, ಉಳಿದ ದುಡ್ಡಿನಲ್ಲಿ ಒಳ್ಳೆಯ ಟೈರ್ ಹಾಕಿಸಿ ಅಂದೆ. ಟೈರಿನ ಗೀರಿನೊಳಗೆ 1.6 ಮಿಮೀ ಎತ್ತರದ ಗುರುತು ಇರುತ್ತದೆ. ಟೈರಿನ ಮೈ ಸವೆದು ಆ ಗುರುತಿನ ಮಟ್ಟಕ್ಕೆ ಬರುವ ತನಕ ಕಾಯದೆ ಮುಂಗಾರಿಗೆ ಮೊದಲೇ ಬದಲಿಸಿ ಅಂತಲೂ ಹೇಳಿದೆ. ಮನೆಯೇ ಹೊಲದಲ್ಲಿದ್ದು, ಮಕ್ಕಳನ್ನು ದಿನಾ ಶಾಲೆಗೆ ಒದ್ದೆ ದಾರಿಯಲ್ಲಿ ಬಿಡಬೇಕಾದವರಿಗೆ, ಕಾಲುವೆ ಪಕ್ಕ ಇರುವವರಿಗೆ ಆಲ್ ವೀಲ್ ಡ್ರೈವಿಗೆ ಕೊಟ್ಟ ದುಡ್ಡು ಸಾರ್ಥಕ. ಅವರೂ ಟೈರ್ ಮರೆಯಬಾರದು.

ಕಾಕಾ ಎಲ್ಲ ಕೇಳಿ ಒಂದು ಪ್ರಶ್ನೆ ಕೇಳಿದರು. ಅದನ್ನೇ ಅಭ್ಯಾಸದ ಲೆಕ್ಕವಾಗಿ ಕೊಡುತ್ತೇನೆ. "ನಮ್ಮ ಹಳೇ ಜೀಪಿಗೆ ಹಿಂದಿನ ಗಾಲಿಗಷ್ಟ ಬಲ ಇತ್ತು. ಖಾಲಿ ಇದ್ದಾಗ ರಾಡ್ಯಾಗ ಹೂಳ್ತಿತ್ತು, ತೊಗರಿ ಚೀಲ ಹಾಕಿದ್ರ ದಾಟ್ತಿತ್ತು. ಭಾರ ಹೆಚ್ಚಾದ್ರ ಹೂಳಬೇಕಲ್ಲ, ಹ್ಯಾಂಗ ದಾಟ್ತು?" ಖಾಲಿ ಜೀಪು 1,500 ಕೆಜಿ, ಹಿಂದೆ ಶೇ. 45. ಗುಣಾಂಕ 0.25. ಉರುಳಲು ಬೇಕಾದದ್ದು ಭಾರದ ಹತ್ತನೇ ಒಂದು ಭಾಗ, ಏರು 40 ಮೀಟರಿಗೆ 1 ಮೀಟರ್. ಎಳೆತ 169 ಕೆಜಿ, ಬೇಕಾದದ್ದು 188. ಈಗ ನಾಲ್ಕು ಕ್ವಿಂಟಲ್ ತೊಗರಿಯನ್ನು ಸರಿಯಾಗಿ ಹಿಂದಿನ ಆಕ್ಸಲ್ ಮೇಲೆ ಇಟ್ಟು ಬಿಡಿಸಿ. ಎಳೆತ 269, ಬೇಕಾದದ್ದು 238 ಬಂದರೆ ನಿಮ್ಮ ಲೆಕ್ಕ ಸರಿ.